ಚಿಂದಿಯ ಕಾಗದವೂ ಓರ್ಛಾದ ಸ್ತ್ರೀಯರೂ

ಹಳೆಯ ವಸ್ತುವನ್ನು ಹೊಸದಾಗಿ ಮಾಡಿ ಬಳಸುವುದು ಈ ಕಾಲದ ವಿಶೇಷ ವಿವೇಕವೆಂದು ನಂಬಿ, ಕೈಕಾಗದದ ದಿನಚರಿ ಪುಸ್ತಕವೊಂದನ್ನು ಕೊಂಡಾಗ ಏನೋ ನವೀನವಾದ ಪುಣ್ಯವನ್ನು ಸಂಪಾದಿಸಿದೆವೆಂದು ಸಂತೋಷಪಡುವವರು ನಮ್ಮಲ್ಲಿ ಅನೇಕರಿದ್ದಾರೆ. ಆ ಸಂತೋಷಕ್ಕೆ ಭಂಗ ತರುವುದು ನನ್ನ ಉದ್ದೇಶವಲ್ಲ. ಆದರೆ ಕಾಗದದ ಜಾತಕವನ್ನು ಬಿಡಿಸಿ ನೋಡಿದರೆ ಅದು ಹುಟ್ಟಿದ್ದೇ ಕಸದಿಂದ ಎಂಬುದನ್ನು ಮೊದಲಿಗೆ ಹೇಳಬೇಕಾಗುತ್ತದೆ. ಕ್ರಿ.ಶ. 105ರಲ್ಲಿ ಚೀನದ ಹಾನ್ ಚಕ್ರವರ್ತಿಯ ಆಸ್ಥಾನಾಧಿಕಾರಿಯಾದ ತ್ಸಾಯ್ ಲುನ್ ಎಂಬಾತನು ತನ್ನ ಪ್ರಭುವಿಗೆ ಅರ್ಪಿಸಿದ ಕಾಗದದಲ್ಲಿ ಇದ್ದುದು ಮರದ ತೊಗಟೆ, ಸೆಣಬಿನ ನಾರು, ಹರಿದ ಬಟ್ಟೆ, ಕೆಲಸಕ್ಕೆ ಬಾರದೆ ಹೋದ ಮೀನಿನ ಬಲೆ, ಇವೇ ಎಂದು ಚೀನೀಯರ ಚರಿತ್ರೆ ಹೇಳುತ್ತದೆ. ಯೂರೋಪಿನಲ್ಲಂತೂ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದವರೆಗೂ ಕಾಗದವೆಂದರೆ ಚಿಂದಿಯಿಂದಾದದ್ದೇ. ಮನೆ ಮನೆಯ ಬಾಗಿಲಿಗೆ ಬಂದು ಹರಿದ ಬಟ್ಟೆಯನ್ನು ಕೊಂಡೊಯ್ಯುವವರಿಲ್ಲದಿದ್ದರೆ ಅಲ್ಲಿಯ ಮಹಾಗ್ರಂಥಗಳು ಅಚ್ಚಾಗುತ್ತಿರಲಿಲ್ಲ. ಕಾಡನ್ನು ಕಡಿದು ಮರದ ತಿರುಳಿನಿಂದ ಕಾಗದ ಮಾಡತಕ್ಕ ಪದ್ಧತಿಯೇ ನಿನ್ನೆ ಮೊನ್ನೆಯದು.

ನಮ್ಮ ಕನ್ನಡ ನಾಡಿನಲ್ಲಿಯೂ ಬಟ್ಟೆಗೂ ಬರಹಕ್ಕೂ ಇದ್ದ ನಂಟು ಸಣ್ಣದಲ್ಲ. ಶಾನುಭೋಗರೂ ವರ್ತಕರೂ ಮಠಗಳ ಪಾರುಪತ್ಯಗಾರರೂ ಲೆಕ್ಕಪತ್ರಗಳನ್ನು ಬರೆದಿಡುತ್ತಿದ್ದ ಕಡತಗಳು, ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ ಮಾಡಿದ ಕಪ್ಪು ಪುಸ್ತಕಗಳು. ಅವುಗಳ ಮೇಲೆ ಬಳಪದಿಂದ ಬರೆದ ಬಿಳಿಯ ಅಕ್ಷರಗಳನ್ನು ಬೇಡವಾದಾಗ ಅಳಿಸಿ, ಮತ್ತೆ ಮಸಿ ಬಳಿದು, ಅದೇ ಬಟ್ಟೆಯ ಮೇಲೆ ಮುಂದಿನ ಲೆಕ್ಕವನ್ನು ಬರೆಯಬಹುದಾಗಿತ್ತು. ಶೃಂಗೇರಿಯ ಮಠದ ಕಡತಗಳು ನಮ್ಮ ಚರಿತ್ರಕಾರರಿಗೆ ಅಮೂಲ್ಯವಾದ ಆಧಾರಗಳಾಗಿವೆ. ಮಿತವ್ಯಯವನ್ನು ನಮಗೆ ಯಾರೂ ಹೊರಗಿನಿಂದ ಬಂದು ಬೋಧಿಸಬೇಕಾಗಿರಲಿಲ್ಲ. ನಾವೇ ಅದನ್ನು ನಡುವೆ ಮರೆತೆವು, ಅಷ್ಟೆ.

ಕಾಗದ ಮಾಡುವ ವಿದ್ಯೆ ಚೀನದಿಂದ ಸಮರ್ಕಂದಕ್ಕೆ ಎಂಟನೆಯ ಶತಮಾನದಲ್ಲಿ ಬಂದು, ಅಲ್ಲಿಂದ ಹದಿನೈದನೆಯ ಶತಮಾನದಲ್ಲಿ ಸುಲ್ತಾನ್ ಜೈನುಲಾಬಿದೀನನ ಕಾಲಕ್ಕೆ ಕಾಶ್ಮೀರವನ್ನು ಸೇರಿ, ಕ್ರಮೇಣ ಉತ್ತರ ಹಿಂದೂಸ್ಥಾನದಲ್ಲಿಯೂ ದಖ್ಖನಿನಲ್ಲಿಯೂ ಹರಡಿತು. ಜಯಪುರದ ಬಳಿಯ ಸಾಂಗಾನೇರ್, ಯಮುನೆಯ ದಡದ ಕಾಲ್ಪಿ, ಪುಣೆಯ ಆಚೆಯ ಜುನ್ನರ್, ಇವೆಲ್ಲ ಆ ಕಸುಬಿನ ಹೆಸರಾಂತ ಕೇಂದ್ರಗಳು. ಕಾಗಜಿ ಎಂಬ ಕುಲನಾಮವನ್ನು ಹೊತ್ತ ಮನೆತನಗಳು ತಲೆತಲಾಂತರದಿಂದ ಇದನ್ನೇ ನಂಬಿ ಬದುಕಿದವು. ಆ ಮನೆಗಳಲ್ಲಿ ಹೆಂಗಸರು ದುಡಿಯುತ್ತಿರಲಿಲ್ಲವೆಂದು ಯಾರೂ ಭಾವಿಸಕೂಡದು. ಚಿಂದಿಯನ್ನು ಆರಿಸುವುದು, ಹಸಿಯ ಹಾಳೆಯನ್ನು ಒಣಗಿಸುವುದು, ಒಣಗಿದ್ದನ್ನು ಕಲ್ಲಿನಿಂದ ತಿಕ್ಕಿ ನುಣುಪುಗೊಳಿಸುವುದು, ಇಂತಹ ಕೆಲಸಗಳಲ್ಲಿ ಮನೆಮಂದಿಯೆಲ್ಲ ಸೇರುತ್ತಿದ್ದರು. ಆದರೆ ತೊಟ್ಟಿಯ ಮುಂದೆ ನಿಂತು ಹಾಳೆಯನ್ನು ಎತ್ತುವ ಯಜಮಾನನಿಗೆ ಕಸುಬಿನ ಹೆಸರೂ ಹಣವೂ ಸಲ್ಲುತ್ತಿದ್ದವು. ಉಳಿದವರ ದುಡಿಮೆ ಮನೆಗೆಲಸದ ಲೆಕ್ಕಕ್ಕೆ ಸೇರಿಹೋಗುತ್ತಿತ್ತು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ಹೇಳತಕ್ಕ ಸಂಗತಿಯ ಬೆಲೆ ತಿಳಿಯುತ್ತದೆ.

ಕಂಪೆನಿಯ ಆಳ್ವಿಕೆಯ ತರುವಾಯ ಈ ಕಸುಬು ಎರಡು ಕಡೆಗಳಿಂದ ಪೆಟ್ಟು ತಿಂದಿತು. ಸರ್ಕಾರದ ಸೆರೆಮನೆಗಳಲ್ಲಿ ಕೈದಿಗಳ ಕೈಯಿಂದ ಮಾಡಿಸಿದ ಅಗ್ಗದ ಕಾಗದವು ಒಂದು ಕಡೆ, ಕಲ್ಕತ್ತೆಯ ಸುತ್ತಮುತ್ತ 1870ರಿಂದ ಈಚೆಗೆ ಬಾಲಿಯಲ್ಲಿಯೂ ಟೀಟಾಗಢದಲ್ಲಿಯೂ ಎದ್ದ ಯಂತ್ರದ ಗಿರಣಿಗಳು ಇನ್ನೊಂದು ಕಡೆ. ಮೂವತ್ತರ ದಶಕದ ವೇಳೆಗೆ ಕಾಗಜಿಗಳ ತೊಟ್ಟಿಗಳಲ್ಲಿ ಬಹಳವು ಬತ್ತಿಹೋಗಿದ್ದವು. 1934ರಲ್ಲಿ ಗಾಂಧೀಜಿಯವರ ಪ್ರೇರಣೆಯಿಂದ ವಾರ್ಧಾದಲ್ಲಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘವು ಸ್ಥಾಪಿತವಾಗಿ, ಜೆ. ಸಿ. ಕುಮಾರಪ್ಪನವರು ಅದರ ಭಾರವನ್ನು ಹೊತ್ತಾಗ, ಗಾಣದ ಎಣ್ಣೆ, ಕೈಕುಟ್ಟಿದ ಅಕ್ಕಿ, ಜೇನು, ಬೆಲ್ಲಗಳ ಜೊತೆಯಲ್ಲಿ ಕೈಕಾಗದಕ್ಕೂ ಒಂದು ಮಣೆ ದೊರೆಯಿತು. ಕೆ. ಬಿ. ಜೋಶಿಯವರು ಈ ವಿದ್ಯೆಯನ್ನು ಶಾಸ್ತ್ರೀಯವಾಗಿ ಅಭ್ಯಾಸಮಾಡಿ ಪುಣೆಯಲ್ಲಿ ಕಟ್ಟಿದ ಕೈಕಾಗದ ಸಂಸ್ಥೆಯನ್ನು 1940ರಲ್ಲಿ ಜವಾಹರಲಾಲ್ ನೆಹರೂ ಅವರು ಉದ್ಘಾಟಿಸಿದರು. ನಮ್ಮ ಸಂವಿಧಾನದ ಹಿಂದೀ ಪ್ರತಿಯನ್ನು ಸುಂದರವಾದ ಅಕ್ಷರಗಳಲ್ಲಿ ಕೈಯಿಂದ ಬರೆದಾಗ ಅದಕ್ಕೆ ಬಳಸಿದ್ದು ಪುಣೆಯ ಈ ಕಾಗದವನ್ನೇ. ರಾಷ್ಟ್ರದ ಪ್ರಥಮ ಗ್ರಂಥಕ್ಕೆ ಆಧಾರವಾದ ಕಾಗದವು ಇಂದು ಉಡುಗೊರೆಯ ಅಂಗಡಿಯ ಗಾಜಿನ ಬೀರುವಿನಲ್ಲಿ ಮೇಣದ ಬತ್ತಿಯ ಪಕ್ಕದಲ್ಲಿ ಕುಳಿತಿರುವುದನ್ನು ನೋಡಿದರೆ ಅದರ ಗ್ರಹಗತಿಯ ಬಗ್ಗೆ ಯೋಚನೆ ಬರುತ್ತದೆ.

ಸ್ವಾತಂತ್ರ್ಯದ ತರುವಾಯ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ಈ ಉದ್ಯಮವನ್ನು ತನ್ನ ಆಶ್ರಯಕ್ಕೆ ತೆಗೆದುಕೊಂಡಿತು. ಪುದುಚೇರಿಯಲ್ಲಿ ಶ್ರೀ ಅರವಿಂದಾಶ್ರಮದವರು 1959ರಲ್ಲಿ ತಮ್ಮದೊಂದು ಕೈಕಾಗದದ ಕಾರ್ಖಾನೆಯನ್ನು ತೆರೆದರು. ಸಾಂಗಾನೇರಿನಲ್ಲಿ ಕುಮಾರಪ್ಪನವರ ಹೆಸರಿನಲ್ಲಿಯೇ ಒಂದು ರಾಷ್ಟ್ರೀಯ ಸಂಸ್ಥೆ ಇದೆ. ಇವುಗಳ ಕಥೆ ದೀರ್ಘವಾದದ್ದು. ನಾನು ಇಲ್ಲಿ ನಿಂತು ನೋಡಬೇಕೆಂದಿರುವುದು ಇವಕ್ಕಿಂತ ಅಪ್ರಸಿದ್ಧವಾದ ಒಂದು ಸ್ಥಳವನ್ನು.

ಝಾನ್ಸಿಯಿಂದ ಸುಮಾರು 16 ಕಿಲೋಮೀಟರ್ ದೂರದಲ್ಲಿ, ಬೇತ್ವಾ ನದಿಯ ದಡದಲ್ಲಿ, ಬುಂದೇಲ ಅರಸರ ಅರಮನೆಗಳಿಗೂ ಛತ್ರಿಗಳೆಂಬ ಸ್ಮಾರಕ ಮಂಟಪಗಳಿಗೂ ಹೆಸರಾದ ಓರ್ಛಾ ಇದೆ. ಪ್ರವಾಸಿಗಳು ಕಾಣುವ ಓರ್ಛಾ ಸುಂದರವಾದದ್ದು. ಅದರ ಸುತ್ತಲ ಬುಂದೇಲಖಂಡವಾದರೋ ಕಲ್ಲುಬಂಡೆಗಳ ಮೇಲೆ ತೆಳುವಾಗಿ ಹಾಸಿದ ಮಣ್ಣು, ಕೈಕೊಡುವ ಮಳೆ, ಬೇಸಗೆಯಲ್ಲಿ ಬತ್ತುವ ಬಾವಿಗಳಿಂದ ಕೂಡಿದ ಕಷ್ಟದ ನಾಡು. ಅಲ್ಲಿಯ ಬಡವರಲ್ಲಿಯೂ ಬಡವರಾದವರು ಸಹರಿಯಾ ಎಂಬ ಬುಡಕಟ್ಟಿನ ಜನ. ಕಾಡಿನ ಉತ್ಪನ್ನಗಳನ್ನು ಕೂಡಿಸಿ ಬಾಳುತ್ತಿದ್ದ ಇವರಿಗೆ ಕಾಡು ಕುಗ್ಗಿದ ಮೇಲೆ ಉಳಿದದ್ದು ಕಲ್ಲಿನ ಕ್ವಾರಿಯ ಕೂಲಿ, ಪರರ ಹೊಲದ ಕೂಲಿ, ಅವೆರಡೂ ಇಲ್ಲದ ತಿಂಗಳುಗಳಲ್ಲಿ ಗಂಟುಮೂಟೆ ಕಟ್ಟಿಕೊಂಡು ನಗರಗಳಿಗೆ ಗುಳೆ ಹೋಗುವುದು. ಗುಳೆಯ ಕಷ್ಟವನ್ನು ನಮ್ಮ ಕಲ್ಯಾಣ ಕರ್ನಾಟಕದ ಓದುಗರಿಗೆ ನಾನು ವಿವರಿಸಬೇಕಾದುದಿಲ್ಲ.

ದೆಹಲಿಯ ಡೆವಲಪ್‌ಮೆಂಟ್ ಆಲ್ಟರ್ನೇಟಿವ್ಸ್ ಎಂಬ ಸಂಸ್ಥೆಯು 1995ರಲ್ಲಿ ಓರ್ಛಾದ ಬಳಿ ತಾರಾಗ್ರಾಮವೆಂಬ ಒಂದು ಕೇಂದ್ರವನ್ನು ಆರಂಭಿಸಿತು. ಹಳ್ಳಿಯಲ್ಲಿಯೇ ಸಿಕ್ಕುವ ಸಾಮಗ್ರಿಯಿಂದ, ಹಳ್ಳಿಯವರ ಕೈಯಿಂದ, ಮಾರುಕಟ್ಟೆಯಲ್ಲಿ ನಿಲ್ಲತಕ್ಕ ವಸ್ತುಗಳನ್ನು ಮಾಡಿಸಲು ಸಾಧ್ಯವೆ ಎಂಬುದನ್ನು ಪರೀಕ್ಷಿಸುವುದು ಅದರ ಉದ್ದೇಶ. ಅಲ್ಲಿಯ ಕೈಕಾಗದದ ಘಟಕದಲ್ಲಿ ಕೆಲಸಕ್ಕೆ ಸೇರಿದವರಲ್ಲಿ ಬಹುಪಾಲು ಸ್ತ್ರೀಯರು. ಅವರಲ್ಲಿ ಅನೇಕರು ಸಹರಿಯಾ ಕುಟುಂಬಗಳಿಂದ ಬಂದವರು. ಕೇಂದ್ರಕ್ಕೆ ಬೇಕಾದ ವಿದ್ಯುತ್ತಿಗೂ ಒಂದು ಸ್ವಾರಸ್ಯವಾದ ಉಪಾಯವನ್ನು ಹೂಡಿದರು. ಕೆರೆಯ ಅಂಗಳದಲ್ಲಿಯೂ ಹಾಳುಭೂಮಿಯಲ್ಲಿಯೂ ಬೇಡವೆಂದರೂ ಬೆಳೆದು, ದನವೂ ಮುಟ್ಟದೆ, ಬೇಶರಮ್ ಎಂದು ಬೈಸಿಕೊಳ್ಳುವ ಕಳೆಗಿಡವನ್ನು ಕಡಿದು ಒಣಗಿಸಿ, ಅದರಿಂದ ಅನಿಲವನ್ನು ಹೊರಡಿಸಿ, ಆ ಅನಿಲದಿಂದ ಎಂಜಿನನ್ನು ನಡೆಯಿಸಿದರು. ಮೂರು ಕಾಸಿಗೆ ಬಾರದ ಗಿಡ, ಮೂರು ಕಾಸಿಗೆ ಬಾರದ ಚಿಂದಿ, ಊರಿನವರು ಲೆಕ್ಕಕ್ಕೆ ಹಿಡಿಯದಿದ್ದ ಹೆಂಗಸರು, ಈ ಮೂರೂ ಒಂದು ಅಂಗಳದಲ್ಲಿ ಸೇರಿದವು.

ಕಾಗದವು ಹೇಗಾಗುತ್ತದೆಂಬುದನ್ನು ಸ್ವಲ್ಪ ಸಾವಕಾಶವಾಗಿಯೇ ನೋಡೋಣ. ಕೊಂಡು ಬಳಸುವವನು ಅದನ್ನು ತಿಳಿಯದಿದ್ದರೆ ಬೆಲೆಯ ವಿಷಯದಲ್ಲಿ ಚೌಕಾಸಿ ಮಾಡುವ ಅಧಿಕಾರ ಅವನಿಗಿಲ್ಲವೆಂದು ನನ್ನ ಮತ.

ಕೈಕಾಗದಕ್ಕೆ ಮುಖ್ಯವಾದ ದ್ರವ್ಯ ಹತ್ತಿಯ ಚಿಂದಿ. ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಲ್ಲಿ ಬಟ್ಟೆಯನ್ನು ಕತ್ತರಿಸುವಾಗ ಬೀಳುವ ಚೂರುಗಳು ಮೂಟೆ ಮೂಟೆಯಾಗಿ ದೇಶದ ಕೈಕಾಗದದ ಘಟಕಗಳಿಗೆ ಹೋಗುತ್ತವೆ. ಹತ್ತಿಯ ನಾರಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕು ಶುದ್ಧವಾದ ಸೆಲ್ಯುಲೋಸ್ ಇರುತ್ತದೆ. ಮರದಲ್ಲಿ ಅದು ಅರ್ಧದಷ್ಟು ಮಾತ್ರ, ಮಿಕ್ಕುದರಲ್ಲಿ ಬಹುಭಾಗವು ಲಿಗ್ನಿನ್ ಮೊದಲಾದ ಅನ್ಯ ಪದಾರ್ಥ. ಹಳೆಯ ವೃತ್ತಪತ್ರಿಕೆಯು ಬಿಸಿಲಿಗೆ ಹಳದಿಯಾಗುವುದು ಈ ಲಿಗ್ನಿನ್ನಿನ ದೆಸೆಯಿಂದ. ಕಚೇರಿಗಳಲ್ಲಿ ಬಳಸಿ ಬಿಸುಟ ಕಾಗದವನ್ನೂ ಮತ್ತೆ ನೆನೆಸಿ ಹಾಳೆ ಮಾಡುವುದುಂಟು. ಆದರೆ ಪ್ರತಿ ಸಲ ಅರೆದಾಗಲೂ ನಾರು ಗಿಡ್ಡವಾಗುತ್ತ ಬಂದು, ಐದಾರು ಆವೃತ್ತಿಗಳಾದ ಮೇಲೆ ಹಾಳೆಯನ್ನು ಹಿಡಿದು ನಿಲ್ಲಿಸುವ ಶಕ್ತಿ ಅದಕ್ಕೆ ಉಳಿಯುವುದಿಲ್ಲ. ಆದುದರಿಂದ ಅನುಭವಿಗಳು ಹಳೆಯ ಕಾಗದಕ್ಕೆ ಹತ್ತಿಯ ನಾರನ್ನು ಬೆರಸಿ ಬಲ ಕೊಡುತ್ತಾರೆ.

ಮೂಟೆಯನ್ನು ಬಿಚ್ಚಿದೊಡನೆ ಮೊದಲ ಕೆಲಸ ಆರಿಸುವುದು. ಗುಂಡಿ, ಜಿಪ್, ಎಲಾಸ್ಟಿಕ್, ನೈಲಾನ್ ದಾರ, ಪಾಲಿಯೆಸ್ಟರ್ ಬೆರಕೆಯ ಚೂರು, ಇವುಗಳಲ್ಲಿ ಒಂದು ಒಳಗೆ ಸೇರಿದರೂ ಮುಂದೆ ಹಾಳೆಯಲ್ಲಿ ಕಲೆಯಾಗಿಯೋ ತೂತಾಗಿಯೋ ಕಾಣಿಸಿಕೊಳ್ಳುತ್ತದೆ. ಹತ್ತಿ ಯಾವುದು, ಬೆರಕೆ ಯಾವುದು ಎಂಬುದನ್ನು ಬೆರಳಿನ ಸ್ಪರ್ಶದಿಂದಲೇ ಹೇಳುವ ಜಾಣ್ಮೆ ಅಲ್ಲಿ ದಿನಗಟ್ಟಲೆ ಕುಳಿತ ಹೆಂಗಸರಿಗೆ ಬರುತ್ತದೆ. ಬಣ್ಣಬಣ್ಣದ ಚೂರುಗಳನ್ನು ಬಣ್ಣಕ್ಕೆ ತಕ್ಕಂತೆ ಬೇರೆ ಮಾಡಿಟ್ಟರೆ ರಾಸಾಯನಿಕ ಬಣ್ಣವನ್ನು ಹಾಕದೆಯೇ ಬಣ್ಣದ ಕಾಗದ ಸಿದ್ಧವಾಗುತ್ತದೆ. ಕೆಂಪು ಬನಿಯನ್ನಿನಿಂದ ಕೆಂಪು ಹಾಳೆ, ನೀಲಿಯಿಂದ ನೀಲಿ ಹಾಳೆ. ಇದು ಕೂಲಿಯಲ್ಲಿ ಅತ್ಯಂತ ಕೆಳಗಿನ ಮೆಟ್ಟಿಲಿನ ಕೆಲಸವೆಂದು ಎಣಿಸಲ್ಪಟ್ಟಿದೆ. ಹಾಗೆಣಿಸುವುದು ಅನ್ಯಾಯ, ಏಕೆಂದರೆ ಹಾಳೆಯ ಗುಣವೆಲ್ಲ ನಿರ್ಣಯವಾಗುವುದು ಇಲ್ಲಿಯೇ.

ಆರಿಸಿದ ಚಿಂದಿಯನ್ನು ಸಣ್ಣಗೆ ಕತ್ತರಿಸಿ ಬೀಟರ್ ಎಂಬ ತೊಟ್ಟಿಗೆ ಹಾಕುತ್ತಾರೆ. ಡಚ್ಚರು ಹದಿನೇಳನೆಯ ಶತಮಾನದಲ್ಲಿ ಕಂಡುಹಿಡಿದ ಯಂತ್ರವಿದು. ಉದ್ದುದ್ದನೆಯ ತೊಟ್ಟಿಯಲ್ಲಿ ನೀರೂ ಚಿಂದಿಯೂ ಸುತ್ತುತ್ತಿರಲು, ಅಲಗುಗಳುಳ್ಳ ಉರುಳೆಯೊಂದು ನಾಲ್ಕಾರು ಗಂಟೆಗಳ ಕಾಲ ಅವನ್ನು ಅರೆದು, ನಾರಿನ ಮೈಯನ್ನೇ ಎಳೆ ಎಳೆಯಾಗಿ ಬಿಡಿಸುತ್ತದೆ. ಹೀಗೆ ಬಿಡಿಸಿಕೊಂಡ ಎಳೆಗಳಿಗೆ ಒಂದು ವಿಚಿತ್ರವಾದ ಗುಣವುಂಟು: ನೀರು ಇಳಿದುಹೋಗಿ ಒಣಗುವಾಗ ಯಾವ ಅಂಟಿನ ಸಹಾಯವೂ ಇಲ್ಲದೆ ಅವು ಪರಸ್ಪರ ಹೆಣೆದುಕೊಂಡು ಬಂಧಿಸಿಕೊಳ್ಳುತ್ತವೆ. ಕಾಗದದ ರಹಸ್ಯವೆಲ್ಲ ಇಷ್ಟರಲ್ಲಿಯೇ ಅಡಗಿದೆ. ಶಾಯಿ ಹರಡದಂತೆ ಮಾಡಲು ಈ ಹಂತದಲ್ಲಿ ರಾಳವನ್ನೂ ಪಟಿಕವನ್ನೂ ಸೇರಿಸುವುದು ಹಿಂದಿನ ರೂಢಿ. ಪಟಿಕದ ಆಮ್ಲದಿಂದ ಹಾಳೆಯು ಕಾಲಕ್ರಮದಲ್ಲಿ ಪೆಡಸಾಗುವುದರಿಂದ, ಈಚೆಗೆ ಆಮ್ಲವಿಲ್ಲದ ಬೇರೆ ದ್ರವ್ಯಗಳು ಬಂದಿವೆ. ಬಹುಕಾಲ ಉಳಿಯಬೇಕಾದ ಬರಹಕ್ಕೆ ಕಾಗದ ಕೊಳ್ಳುವವರು ಆಮ್ಲರಹಿತವೆ ಎಂದು ಕೇಳುವುದು ಒಳ್ಳೆಯದು.

ಇನ್ನು ಹಾಳೆಯನ್ನು ಎತ್ತುವುದು. ತೆಳು ಗಂಜಿಯಂತಿರುವ ಆ ತಿರುಳನ್ನು ನೀರಿನ ತೊಟ್ಟಿಯಲ್ಲಿ ಕದಡಿ, ಸಣ್ಣ ಜಾಲರಿಯನ್ನು ಬಿಗಿದ ಚೌಕಟ್ಟನ್ನು ಅದರೊಳಗೆ ಮುಳುಗಿಸಿ, ಸಮವಾಗಿ ಮೇಲೆತ್ತಿ, ಮುಂದಕ್ಕೂ ಹಿಂದಕ್ಕೂ ಎಡಕ್ಕೂ ಬಲಕ್ಕೂ ಒಂದೊಂದು ಸಲ ಕುಲುಕಿದರೆ ನೀರು ಸೋರಿ, ಜಾಲರಿಯ ಮೇಲೆ ನಾರಿನ ತೆಳುವಾದ ಪದರವೊಂದು ನಿಲ್ಲುತ್ತದೆ. ಆ ಕುಲುಕಿನಲ್ಲಿ ನಾರುಗಳು ಎಲ್ಲ ದಿಕ್ಕಿಗೂ ತಿರುಗಿ ಮಲಗುವುದರಿಂದಲೇ ಕೈಕಾಗದವು ಯಾವ ಕಡೆಯಿಂದ ಹರಿದರೂ ಸಮಾನವಾದ ಬಲವನ್ನು ತೋರುತ್ತದೆ. ಯಂತ್ರದ ಕಾಗದದಲ್ಲಿ ನಾರೆಲ್ಲ ಯಂತ್ರವು ಓಡುವ ದಿಕ್ಕಿಗೇ ಒರಗಿರುವುದರಿಂದ ಒಂದು ಕಡೆಗೆ ನೆಟ್ಟಗೂ ಇನ್ನೊಂದು ಕಡೆಗೆ ಸೊಟ್ಟಗೂ ಹರಿಯುತ್ತದೆ. ಚೌಕಟ್ಟಿನಿಂದ ಹಸಿ ಹಾಳೆಯನ್ನು ಬಟ್ಟೆಯ ಮೇಲೆ ಮಗುಚಿ, ಅದರ ಮೇಲೆ ಇನ್ನೊಂದು ಬಟ್ಟೆ, ಅದರ ಮೇಲೆ ಇನ್ನೊಂದು ಹಾಳೆ, ಹೀಗೆ ಅಟ್ಟಿಯನ್ನೊಟ್ಟಿ, ಒತ್ತುಯಂತ್ರದಲ್ಲಿಟ್ಟು ನೀರನ್ನು ಹಿಂಡಿ, ತರುವಾಯ ಒಂದೊಂದಾಗಿ ಬಿಡಿಸಿ ನೆರಳಿನಲ್ಲಿ ಹಗ್ಗದ ಮೇಲೆ ಒಣಹಾಕುತ್ತಾರೆ. ತೊಟ್ಟಿಯ ಬಳಿ ಇಬ್ಬರು ಹೆಂಗಸರು ಜೊತೆಯಾಗಿ ನಿಂತು ದಿನಕ್ಕೆ ಕೆಲವು ನೂರು ಹಾಳೆಗಳನ್ನು ಎತ್ತಬಲ್ಲರು. ದೊಡ್ಡ ಗಿರಣಿಯ ಯಂತ್ರವು ನಿಮಿಷಕ್ಕೆ 1,000 ಮೀಟರಿಗೂ ಮಿಕ್ಕು ಕಾಗದವನ್ನು ಉರುಳಿಸುತ್ತದೆ. ಈ ಎರಡರ ಬೆಲೆ ಒಂದೇ ಆಗಿರಬೇಕೆಂದು ವಾದಿಸುವವರೊಡನೆ ಮಾತು ಬೆಳೆಸುವುದರಲ್ಲಿ ಪ್ರಯೋಜನವಿಲ್ಲ.

ಒಣಗಿದ ಹಾಳೆಯನ್ನು ಸತುವಿನ ತಗಡುಗಳ ನಡುವೆ ಇಟ್ಟು ಉರುಳೆಗಳ ಮಧ್ಯೆ ಹಾಯಿಸಿ ನಯಗೊಳಿಸಿ, ಕತ್ತರಿಸಿ, ಮಡಿಸಿ, ಹೊಲಿದು, ಲಕೋಟೆ, ಫೈಲು, ಚೀಲ, ಟಿಪ್ಪಣಿ ಪುಸ್ತಕ, ಶುಭಾಶಯ ಪತ್ರಗಳನ್ನಾಗಿ ಮಾಡುತ್ತಾರೆ. ಚೆಂಡುಹೂವಿನ ಎಸಳು, ಈರುಳ್ಳಿಯ ಸಿಪ್ಪೆ, ಚಹದ ಚರಟ, ಒಣಹುಲ್ಲು, ಇವನ್ನು ತಿರುಳಿನಲ್ಲಿ ಸೇರಿಸಿ ಅಲಂಕರಿಸುವುದೂ ಉಂಟು. ನೋಡಲು ಚೆನ್ನ, ಆದರೆ ಬರೆಯುವಾಗ ಲೇಖನಿಯ ಮೊನೆ ಆ ಎಸಳಿಗೆ ಎಡವಿ ಅಕ್ಷರ ಚೆಲ್ಲಾಪಿಲ್ಲಿಯಾಗುತ್ತದೆ. ಹೂವಿನ ಹಾಳೆ ಉಡುಗೊರೆ ಸುತ್ತಲು ಇರಲಿ, ಬರೆಯಲು ಬೇಡ.

ಈಗ ಕೂಲಿಯ ಮಾತು. ಬಡ ಹೆಂಗಸರಿಗೆ ಸಹಾಯವಾಗುತ್ತದೆಂಬ ಚೀಟಿಯನ್ನು ಅಂಟಿಸಿ ಮಾರುವ ವಸ್ತುಗಳು ಬಹಳವಾಗಿವೆ. ಆ ಚೀಟಿಯನ್ನು ನೋಡಿ ಮರುಗಿ ಒಂದು ಪುಸ್ತಕವನ್ನು ಕೊಂಡು, ಅದನ್ನು ಬೀರುವಿನಲ್ಲಿಟ್ಟು ಮರೆಯುವವರೂ ಬಹಳ ಮಂದಿ. ಮರುಕದಿಂದ ಕೊಂಡವನು ಮರುವರ್ಷ ಬರುವನೆಂಬ ಭರವಸೆಯಿಲ್ಲ, ಉಪಯೋಗಕ್ಕೆಂದು ಕೊಂಡವನು ಮುಗಿದ ಕೂಡಲೆ ಬರುತ್ತಾನೆ. ಸಹರಿಯಾ ಹೆಂಗಸಿನ ಬಾಳಿನಲ್ಲಿ ಕಾಗದದ ಕೆಲಸದಿಂದ ಬರಬಹುದಾದ ಮುಖ್ಯ ವ್ಯತ್ಯಾಸವು ಕೂಲಿಯ ಮೊತ್ತದಲ್ಲಿರುವುದಕ್ಕಿಂತ ಹೆಚ್ಚಾಗಿ ಅದು ತಿಂಗಳು ತಿಂಗಳೂ, ಮಳೆ ಬಂದರೂ ಬಾರದಿದ್ದರೂ, ಅವಳ ಕೈಗೇ ಬರುವುದರಲ್ಲಿದೆ. ಕ್ವಾರಿಯ ಕೂಲಿ ಅನೇಕ ವೇಳೆ ಕುಟುಂಬಕ್ಕೆಲ್ಲ ಸೇರಿಸಿ, ಹಳೆಯ ಸಾಲಕ್ಕೆ ವಜಾ ಹಾಕಿ, ಗಂಡಸಿನ ಕೈಗೆ ಸೇರತಕ್ಕದ್ದು. ಮಸ್ಟರಿನಲ್ಲಿ ತನ್ನ ಹೆಸರಿನ ಮುಂದೆ ತಾನೇ ರುಜು ಹಾಕಿ ಎಣಿಸಿಕೊಳ್ಳುವ ಹಣಕ್ಕೆ ಬೇರೆಯೇ ಒಂದು ತೂಕವುಂಟು. ಆದರೆ ಆ ಹಣ ತಿಂಗಳು ತಿಂಗಳೂ ಬರಬೇಕಾದರೆ ಆರ್ಡರು ತಿಂಗಳು ತಿಂಗಳೂ ಬರಬೇಕು. ಪ್ರಶ್ನೆ ಕೊನೆಗೆ ನಮ್ಮ ಕಡೆಗೇ ತಿರುಗುತ್ತದೆ.

ಬಂಡವಾಳದ ತೊಡಕೂ ಸಣ್ಣದಲ್ಲ. ಚಿಂದಿಯನ್ನು ಇಂದು ಕೊಳ್ಳಬೇಕು, ಕೂಲಿಯನ್ನು ವಾರ ವಾರ ಕೊಡಬೇಕು. ಅಂಗಡಿಯವನಾದರೋ ಸರಕು ಮಾರಿದ ಮೇಲೆ, ಮೂರು ನಾಲ್ಕು ತಿಂಗಳು ಕಳೆದು, ಹಣ ಕೊಡುತ್ತಾನೆ. ನಡುವಿನ ಈ ಅವಧಿಯೇ ಬಡವರ ಉದ್ಯಮಗಳನ್ನು ನುಂಗುವ ಹಳ್ಳ. ಇದನ್ನು ಕಂಡುಕೊಂಡೇ ನ್ಯಾಯ ವ್ಯಾಪಾರದವರು, ಎಂದರೆ 1989ರಲ್ಲಿ ಕಟ್ಟಿದ ಅಂತರರಾಷ್ಟ್ರೀಯ ಒಕ್ಕೂಟಕ್ಕೆ ಸೇರಿದ ವರ್ತಕರು, ಕರಕುಶಲ ವಸ್ತುಗಳಿಗೆ ಆರ್ಡರು ಕೊಡುವಾಗ ಮಾಡುವವರು ಕೇಳಿದರೆ ಅರ್ಧದಷ್ಟು ಬೆಲೆಯನ್ನು ಬಡ್ಡಿಯಿಲ್ಲದೆ ಮುಂಗಡವಾಗಿ ಕೊಡಬೇಕೆಂಬ ನಿಯಮವನ್ನು ಇಟ್ಟುಕೊಂಡಿದ್ದಾರೆ. ಆ ಚಳುವಳಿಯ ಎಲ್ಲ ಘೋಷಣೆಗಳಲ್ಲಿ ನನಗೆ ಬಹಳ ಅರ್ಥವತ್ತಾಗಿ ತೋರುವುದು ಈ ಒಂದು ಶುಷ್ಕವಾದ ನಿಯಮವೇ.

ನೆರೆಯ ದೇಶಗಳಲ್ಲಿಯೂ ಇದೇ ಜಾಡಿನ ಪ್ರಯತ್ನಗಳುಂಟು. ನೇಪಾಳದ ಬೆಟ್ಟಗಳಲ್ಲಿ ಲೋಕ್ತಾ ಎಂಬ ಪೊದೆಯ ತೊಗಟೆಯಿಂದ ಕಾಗದ ಮಾಡುವ ಪದ್ಧತಿ ಪುರಾತನವಾದದ್ದು. ಬೇರನ್ನು ಬಿಟ್ಟು ಮೇಲಿನ ಕಾಂಡವನ್ನು ಮಾತ್ರ ಕೊಯ್ದರೆ ಆರೇಳು ವರ್ಷಗಳಲ್ಲಿ ಪೊದೆ ಮತ್ತೆ ಬೆಳೆದು ನಿಲ್ಲುತ್ತದೆ. ಕ್ಷೀಣಿಸುತ್ತಿದ್ದ ಆ ಕಸುಬನ್ನು ಎಂಬತ್ತರ ದಶಕದಲ್ಲಿ ಯೂನಿಸೆಫ್ ಸಂಸ್ಥೆಯು ತನ್ನ ಶುಭಾಶಯ ಪತ್ರಗಳಿಗೆ ಲೋಕ್ತಾ ಕಾಗದವನ್ನು ಕೊಳ್ಳುವ ಮೂಲಕ ಎತ್ತಿ ನಿಲ್ಲಿಸಿತು. ಭಕ್ತಪುರದಲ್ಲಿ ಅದರ ಮುದ್ರಣ ಘಟಕ ನಡೆಯಿತು. ಬಾಂಗ್ಲಾದೇಶದ ಬರಿಸಾಲ್ ಸೀಮೆಯ ಅಗೈಲ್‌ಝರಾದಲ್ಲಿ ಜಲಾಶಯಗಳನ್ನು ಮುಚ್ಚಿ ಹಾಕುವ ನೀರು ಹಯಾಸಿಂತ್ ಕಳೆಯನ್ನು ಕೊಯ್ದು, ಬೇಯಿಸಿ, ಕುಟ್ಟಿ, ಗ್ರಾಮದ ಹೆಂಗಸರು ಕಾಗದ ಮಾಡುತ್ತಾರೆ. ವಿಧವೆಯರೂ ಪತಿ ಬಿಟ್ಟುಹೋದವರೂ ಅಲ್ಲಿ ಮೊದಲು ಕೆಲಸಕ್ಕೆ ಬರತಕ್ಕವರು. ನಮ್ಮ ಬೆಂಗಳೂರಿನ ಕೆರೆಗಳಲ್ಲಿ ಇದೇ ಕಳೆಯನ್ನು ತೆಗೆಸಲು ಪ್ರತಿವರ್ಷವೂ ಹಣ ಸುರಿಯುತ್ತೇವೆ. ತೆಗೆದು ದಡದ ಮೇಲೆ ಕೊಳೆಯಹಾಕುತ್ತೇವೆ.

ಬೆಂಗಳೂರಿಗೂ ಈ ವಿಷಯಕ್ಕೂ ಇನ್ನೊಂದು ನಂಟುಂಟು. ಇಲ್ಲಿಯ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಹೊಲಿಗೆಯ ಯಂತ್ರದ ಮುಂದೆ ಕುಳಿತವರಲ್ಲಿ ಬಹುಪಾಲು ಸ್ತ್ರೀಯರೇ. ಅವರ ಕಾಲಬುಡದಲ್ಲಿ ದಿನವೂ ರಾಶಿಯಾಗಿ ಬೀಳುವ ಹತ್ತಿಯ ಚೂರುಗಳು ಹಾಳೆಯಾಗತಕ್ಕ ಉತ್ತಮ ದ್ರವ್ಯ. ಹತ್ತಿಯ ಚಿಂದಿ, ಬಾಳೆಯ ನಾರು ಮೊದಲಾದುವುಗಳಿಂದ ಮರದ ಹಂಗಿಲ್ಲದ ಕಾಗದವನ್ನು ಮಾಡುವ ಘಟಕ ಈ ನಗರದಲ್ಲಿಯೂ ಇದೆ. ಭದ್ರಾವತಿಯ ಕಾಗದದ ಕಾರ್ಖಾನೆಯನ್ನು 1936ರಲ್ಲಿ ಕಟ್ಟಿದ ನಾಡು ಇದು. ಬಿದಿರನ್ನೂ ಮರವನ್ನೂ ನಂಬಿದ್ದ ಆ ಮಹಾಯಂತ್ರಗಳು ನಿಂತುಹೋಗಿವೆ. ಸಣ್ಣ ತೊಟ್ಟಿಗಳು ದೊಡ್ಡ ಗಿರಣಿಯ ಸ್ಥಾನವನ್ನು ತುಂಬುವುವೆಂದು ನಾನು ಹೇಳುತ್ತಿಲ್ಲ. ಮಕ್ಕಳ ಪಠ್ಯಪುಸ್ತಕಗಳೂ ವೃತ್ತಪತ್ರಿಕೆಗಳೂ ಎಂದಿಗೂ ಕೈಕಾಗದದಲ್ಲಿ ಅಚ್ಚಾಗಲಾರವು, ಆಗಬೇಕಾಗಿಯೂ ಇಲ್ಲ.

ಈ ಉದ್ಯಮದ ದೋಷಗಳನ್ನು ಮುಚ್ಚಿಟ್ಟು ಹೊಗಳುವುದು ಆ ಹೆಂಗಸರಿಗೆ ಉಪಕಾರವಲ್ಲ. ದಿನವೆಲ್ಲ ತಣ್ಣೀರಿನಲ್ಲಿ ಕೈಯಾಡಿಸುವುದರಿಂದ ಚರ್ಮ ಒಡೆಯುತ್ತದೆ. ಬಾಗಿ ನಿಂತು ಚೌಕಟ್ಟನ್ನೆತ್ತುವುದರಿಂದ ಸೊಂಟ ನೋಯುತ್ತದೆ. ಚಿಂದಿಯ ಧೂಳು ಎದೆಗೆ ಹೋಗುತ್ತದೆ. ಕೈಗವಸು, ಸರಿಯಾದ ಎತ್ತರದ ತೊಟ್ಟಿ, ಗಾಳಿಯಾಡುವ ಕೋಣೆ, ಇವು ದೊಡ್ಡ ಖರ್ಚಿನವಲ್ಲ. ಆದರೂ ಎಲ್ಲೆಡೆಯಲ್ಲಿಯೂ ಇರುವುದಿಲ್ಲ. ನೀರಿನ ಬಳಕೆಯೂ ಬಹಳ: ಅದನ್ನು ಸೋಸಿ ಮತ್ತೆ ಬಳಸದೆ, ಬಣ್ಣದೊಡನೆ ಚರಂಡಿಗೆ ಬಿಡುವ ಘಟಕವು ಪರಿಸರದ ಹೆಸರನ್ನು ಹೇಳಿಕೊಳ್ಳಲು ಅರ್ಹವಲ್ಲ. ಇನ್ನೂ ಒಂದು ಸೂಕ್ಷ್ಮವುಂಟು. ಅನೇಕ ಘಟಕಗಳಲ್ಲಿ ಬೀಟರನ್ನೂ ಉರುಳೆಯ ಯಂತ್ರವನ್ನೂ ನಡೆಯಿಸುವವನು ಗಂಡಸು, ಅವನ ಕೂಲಿ ಹೆಚ್ಚು. ಆರಿಸುವವಳೂ ಒಣಹಾಕುವವಳೂ ಹೆಂಗಸು, ಅವಳದು ಕಡಿಮೆ. ಯಂತ್ರದ ಗುಂಡಿಯನ್ನೊತ್ತುವುದು ಚಿಂದಿಯಲ್ಲಿ ಹತ್ತಿಯನ್ನು ಗುರುತಿಸುವುದಕ್ಕಿಂತ ಹೆಚ್ಚಿನ ವಿದ್ಯೆಯೆಂದು ಯಾರು ನಿರ್ಣಯಿಸಿದರೋ ತಿಳಿಯದು. ಸ್ತ್ರೀಯರ ಹೆಸರಿನಲ್ಲಿ ಮಾರುವ ಸಂಸ್ಥೆಯನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದು: ನಿಮ್ಮಲ್ಲಿ ಯಂತ್ರವನ್ನು ನಡೆಯಿಸುವವರಲ್ಲಿ ಹೆಂಗಸರು ಎಷ್ಟು ಮಂದಿ, ಲೆಕ್ಕದ ಪುಸ್ತಕವನ್ನು ಬರೆಯುವವರಲ್ಲಿ ಎಷ್ಟು ಮಂದಿ?

ಪೇಟೆಯಲ್ಲಿ ಕೈಕಾಗದದ ವೇಷ ಹಾಕಿದ ಯಂತ್ರದ ಕಾಗದವೂ ಸಿಕ್ಕುತ್ತದೆ. ಬೆಳಕಿಗೆ ಹಿಡಿದು ನೋಡಿದರೆ ಕೈಕಾಗದದಲ್ಲಿ ನಾರಿನ ಹರವು ಅಲ್ಲಲ್ಲಿ ದಟ್ಟವಾಗಿಯೂ ತೆಳುವಾಗಿಯೂ ಮೋಡದಂತೆ ಕಾಣುತ್ತದೆ. ಕತ್ತರಿಸದ ಪೂರ್ಣ ಹಾಳೆಯಾದರೆ ನಾಲ್ಕು ಅಂಚುಗಳೂ ಜೂಲುಜೂಲಾಗಿರುತ್ತವೆ. ಉದ್ದಕ್ಕೂ ಅಡ್ಡಕ್ಕೂ ಹರಿದು ನೋಡಿದರೆ ಹರಿಯುವ ರೀತಿ ಒಂದೇ ಆಗಿರುತ್ತದೆ. ಶಾಯಿಯ ಲೇಖನಿಯಿಂದ ಒಂದು ಗೆರೆ ಎಳೆದು ಅದು ಹರಡುವುದೆ ಎಂದು ಪರೀಕ್ಷಿಸಬೇಕು. ಕಾಗದ ಬರೆಯಲು ಚದರ ಮೀಟರಿಗೆ 100ರಿಂದ 120 ಗ್ರಾಂ ತೂಕದ ಹಾಳೆ ಸಾಕು. ಆಹ್ವಾನ ಪತ್ರಿಕೆಗೂ ಫೈಲಿಗೂ 200 ಗ್ರಾಂ ಅಥವಾ ಅದಕ್ಕೂ ಮೇಲ್ಪಟ್ಟದ್ದು ಬೇಕು.

ನಮ್ಮ ಮನೆಗಳಲ್ಲಿ ಕಾಗದ ಬರೆಯುವ ಅಭ್ಯಾಸ ತಪ್ಪಿದ್ದರೂ ಲಗ್ನಪತ್ರಿಕೆಯನ್ನು ಅಚ್ಚುಮಾಡಿಸುವ ಉತ್ಸಾಹ ತಗ್ಗಿಲ್ಲ. ಕಚೇರಿಗಳಲ್ಲಿ ಫೈಲುಗಳಿಗೂ, ಸಭೆ ಸಮ್ಮೇಳನಗಳಲ್ಲಿ ಹಂಚುವ ಪುಸ್ತಕ ಚೀಲಗಳಿಗೂ ಬರವಿಲ್ಲ. ವಿಶ್ವವಿದ್ಯಾನಿಲಯಗಳೂ ಸಾಹಿತ್ಯ ಪರಿಷತ್ತಿನಂತಹ ಸಂಸ್ಥೆಗಳೂ ಬ್ಯಾಂಕುಗಳೂ ತಮ್ಮ ಪ್ರಶಸ್ತಿಪತ್ರಗಳಿಗೂ ಫೈಲುಗಳಿಗೂ ಮಾತ್ರ ಕೈಕಾಗದವನ್ನು ಗೊತ್ತುಮಾಡಿದರೂ ಎಷ್ಟೋ ತೊಟ್ಟಿಗಳಿಗೆ ವರ್ಷವೆಲ್ಲ ಕೆಲಸ ದೊರೆಯುತ್ತದೆ. ಮನೆಯಲ್ಲಿ ಮದುವೆಯಿರುವ ಓದುಗರಿಗೆ ಒಂದು ವಿಜ್ಞಾಪನೆ. ಮಳೆಗಾಲದಲ್ಲಿ ಹಾಳೆ ಬೇಗ ಒಣಗುವುದಿಲ್ಲ. ದೀಪಾವಳಿಯಿಂದಾಚೆಯ ಲಗ್ನಕ್ಕೆ ಪತ್ರಿಕೆ ಬೇಕಾದವರು ಎರಡು ಮೂರು ತಿಂಗಳು ಮುಂಚಿತವಾಗಿಯೇ ಕೇಳಿ, ಹೂವಿನ ಎಸಳಿಲ್ಲದ ಶುಭ್ರವಾದ ಹಾಳೆಯನ್ನು ಆರಿಸಿ, ಚೌಕಾಸಿ ಮಾಡದೆ, ಅರ್ಧ ಹಣವನ್ನು ಮುಂಗಡವಾಗಿ ಕೊಟ್ಟು ರಸೀದಿ ಪಡೆಯಿರಿ.